ನೀಲಿ ಡ್ರಮ್ಮಿನ ಎದೆಗವಚ



ಹೊಸೂರಿನಲ್ಲಿ ನಮ್ಮ ಸ್ನೇಹಿತರೊಬ್ಬರ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಿದೆ. ಬಕೆಟ್ಟು, ಬಿಂದಿಗೆ, ನೀರು ತುಂಬಿಡುವ ನೀಲಿ ಡ್ರಮ್ಮು, ಇದೇ ಅವರ ವ್ಯಾಪಾರ. ಈಚೆಗೆ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಹಿತ್ತಲಿನಲ್ಲಿ ಕಾಲೇಜು ಓದುವ ಮೊಮ್ಮಗ ಬಿರುಕುಬಿಟ್ಟ ಡ್ರಮ್ಮೊಂದನ್ನು ಗರಗಸದಿಂದ ಕೊಯ್ದು, ತುಂಡನ್ನು ಎದೆಗೆ ಹಿಡಿದು ಅಳತೆ ನೋಡುತ್ತಿದ್ದ. "ಏನಪ್ಪಾ ಇದು?" ಎಂದು ಕೇಳಿದೆವು. "ಕವಚ ಸ್ವಾಮಿ. ಹಳೇ ಕಾಲದ ಕತ್ತಿವರಸೆ ಆಟಕ್ಕೆ" ಎಂದ.

ತಾತನವರ ಮುಖ ಗಂಟಿಕ್ಕಿತ್ತು. "ಇರುವೆ ತುಳಿಯಬಾರದು ಅಂತ ಬೆಳೆಸಿದ ಮನೆಯಲ್ಲಿ ಹೊಡೆದಾಡೋ ಆಟ! ನೀವಾದರೂ ಒಂದು ಮಾತು ಹೇಳಿ" ಎಂದು ನಮ್ಮತ್ತ ತಿರುಗಿದರು. ವಿಷಯ ತಿಳಿಯದೆ ಬುದ್ಧಿ ಹೇಳುವುದು ಸರಿಯಲ್ಲವೆಂದು ಮೊದಲು ವಿಚಾರಿಸಿದೆವು.

ಇದು ಈ ಹುಡುಗನೊಬ್ಬನ ಹುಚ್ಚಲ್ಲ. 1966ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿಯಲ್ಲಿ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಎಂಬ ಸಂಘ ಆರಂಭವಾಯಿತು. ಯುರೋಪಿನ ಹಳೆಯ ಕಾಲದ ಉಡುಗೆ, ಕುಶಲಕಲೆ, ಕಾಳಗಗಳನ್ನು ಅವರು ಆಡಿ ಕಲಿಯುತ್ತಾರೆ. ಕವಚ ತೊಟ್ಟು ಆಡುವ ಕಾಳಗಕ್ಕೆ ಲೋಹದ ಕತ್ತಿಯಿಲ್ಲ, ಬೆತ್ತದ ಕತ್ತಿ. ಆದರೆ ಪೆಟ್ಟು ಮಾತ್ರ ನಿಜವಾದದ್ದೇ. ಹಾಗಾಗಿ ಕತ್ತು, ಮೊಣಕೈ, ಮಂಡಿ, ಸೊಂಟದ ಹಿಂಭಾಗದ ಮೂತ್ರಪಿಂಡ ಇವುಗಳಿಗೆಲ್ಲ ಗಟ್ಟಿ ರಕ್ಷಣೆ ಕಡ್ಡಾಯ. ಉಕ್ಕಿನ ಕವಚ ಭಾರ, ದುಬಾರಿ. ಆದ್ದರಿಂದ ಹಲವರು ಹಳೆಯ ಪ್ಲಾಸ್ಟಿಕ್ ಡ್ರಮ್ಮು ಕೊಯ್ದು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಹಿಂದೆ ಯುರೋಪಿನಲ್ಲಿ ಹದಮಾಡಿ ಗಟ್ಟಿಗೊಳಿಸಿದ ತೊಗಲಿನ ಕವಚವೂ ಇತ್ತು. ತೊಗಲು ಮುಟ್ಟದ ನಮ್ಮವರಿಗೆ ಪ್ಲಾಸ್ಟಿಕ್ಕು, ನೈಲಾನ್ ಪಟ್ಟಿಗಳೇ ಅನುಕೂಲ.

ಇನ್ನು ಕೆಲಸದ ವಿಚಾರ. ಮನೆಯಲ್ಲಿ ಇಂಥ ಹುಡುಗರಿದ್ದರೆ ಹಿರಿಯರು ಇದನ್ನು ತಿಳಿದಿರಬೇಕು.

ಮೊದಲು ಪ್ಲಾಸ್ಟಿಕ್ಕಿನ ಜಾತಿ. ನೀಲಿ ಡ್ರಮ್ಮು ಸಾಮಾನ್ಯವಾಗಿ ಎಚ್.ಡಿ.ಪಿ.ಇ. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕೆ ಇರುತ್ತದೆ. ಪಿ.ವಿ.ಸಿ.ಗೆ 3. ಗುರುತು ಅಳಿಸಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ: ಎಚ್.ಡಿ.ಪಿ.ಇ. ತೇಲುತ್ತದೆ, ಪಿ.ವಿ.ಸಿ. ಮುಳುಗುತ್ತದೆ. ಹೊಸೂರಿನಂಥ ಕಾರ್ಖಾನೆಗಳ ಊರಿನಲ್ಲಿ ಹಳೆಯ ಡ್ರಮ್ಮು ಸುಲಭವಾಗಿ ಸಿಗುತ್ತದೆ. ಅದರಲ್ಲಿ ಏನು ತುಂಬಿತ್ತೆಂದು ಗೊತ್ತಿಲ್ಲದಿದ್ದರೆ ಕೊಯ್ಯುವುದೂ ಬೇಡ, ಕಾಯಿಸುವುದೂ ಬೇಡ. ರಾಸಾಯನಿಕದ ಶೇಷ ಗೋಡೆಗೆ ಅಂಟಿರುತ್ತದೆ.

ಎರಡನೆಯದು ಬಿಸಿ. ಎಚ್.ಡಿ.ಪಿ.ಇ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ಸ್ವಲ್ಪ ಕೆಳಗೆ, ಬಿಸಿಗಾಳಿ ಊದುವ ಗನ್ನಿನಿಂದ ನಿಧಾನವಾಗಿ ಕಾಯಿಸಿ ಬಗ್ಗಿಸಬೇಕು. ಪೂರ್ತಿ ಆರುವ ತನಕ ಅಚ್ಚಿನ ಮೇಲೆ ಒತ್ತಿ ಹಿಡಿಯಬೇಕು, ಇಲ್ಲವಾದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಎದೆಗೆ ಡ್ರಮ್ಮಿನ ಸಹಜ ಬಾಗನ್ನೇ ಬಳಸಿದರೆ ಅರ್ಧ ಕೆಲಸ ಉಳಿಯಿತು. ಬೆಂಕಿಗೆ ಹಿಡಿದರೆ ಮೇಣದಂತೆ ಉರಿದು ತೊಟ್ಟಿಕ್ಕಿ ಚರ್ಮಕ್ಕೆ ಅಂಟುತ್ತದೆ. ಪಿ.ವಿ.ಸಿ. ಅತಿಯಾಗಿ ಕಾದರೆ ಆಮ್ಲದ ಹೊಗೆ ಬಿಡುತ್ತದೆ. ನಾವೂ ಒಮ್ಮೆ ಬುದ್ಧಿಯಿಲ್ಲದೆ ಅಡುಗೆಮನೆಯ ಒಲೆಯ ಮೇಲೆ ಪೈಪು ಬಗ್ಗಿಸಲು ಹೋಗಿ, ಕಣ್ಣು ಗಂಟಲು ಉರಿದು ಹೊರಗೋಡಿದ್ದುಂಟು. ಈ ಕೆಲಸ ಬಯಲಿನಲ್ಲೇ ಆಗಬೇಕು. ಕೈಗವಸು ಹಾಕಿರಬೇಕು.

ಮೂರನೆಯದು ಒಳಪದರ. ಗಟ್ಟಿ ಹಲಗೆ ಪೆಟ್ಟನ್ನು ಹರಡುತ್ತದೆ, ಅದನ್ನು ಹೀರುವುದು ಒಳಗಿನ ಮೆತ್ತೆ. ನಮ್ಮ ನಾಡಿನ ಸೈನಿಕರು ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಯನ್ನೇ ಕವಚವಾಗಿ ತೊಡುತ್ತಿದ್ದರು. ಹಳೆಯ ರಜಾಯಿಯೊಂದು ಸಾಕು. ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಬೇಕು.

ತಲೆಗೆ ಮಾತ್ರ ಡ್ರಮ್ಮಿನ ಪ್ಲಾಸ್ಟಿಕ್ ಸಲ್ಲದು. ಆ ಸಂಘದ ಬೆತ್ತದ ಕಾಳಗದಲ್ಲಿ ಸುಮಾರು 1.6 ಮಿಲಿಮೀಟರು ದಪ್ಪದ ಉಕ್ಕಿನ ಶಿರಸ್ತ್ರಾಣ ಬೇಕು. ಅದಿಲ್ಲದೆ ಆಟವಿಲ್ಲ ಎಂದು ಹುಡುಗನಿಗೆ ಖಂಡಿತವಾಗಿ ಹೇಳಿದೆವು.

ಆದರೆ ತಾತನವರ ಪ್ರಶ್ನೆ ಉಳಿದೇ ಇತ್ತು. ಅವರ ಅಳುಕು ಸುಳ್ಳಲ್ಲ. ಇದು ನಿಜವಾದ ಯುದ್ಧ ಕಂಡ ನೆಲ. 1791ರಲ್ಲಿ ಇಂಗ್ಲಿಷ್ ಕಂಪನಿಯ ಪಡೆ ಕೃಷ್ಣಗಿರಿ ಕೋಟೆಯ ಮೇಲೆ ಬಿದ್ದು ಹಿಮ್ಮೆಟ್ಟಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲ್ ಪ್ರಾಂತ್ಯವನ್ನೇ ಬಿಟ್ಟುಕೊಡಬೇಕಾಯಿತು. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆ. ಒಂದೊಂದು ಕಲ್ಲೂ ಮನೆಗೆ ಮರಳದ ಒಬ್ಬ ಮಗನ ನೆನಪು.

ಕೊಲ್ಲದ ಕಾಳಗವೂ ನಮಗೆ ಹೊಸತಲ್ಲ. ಭರತ ಬಾಹುಬಲಿಯರ ನಡುವೆ ಎರಡು ಸೇನೆಗಳು ಸಾಯುವುದು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ನಿಯಮಿಸಿದರು. ಪಂಪ 941ರಲ್ಲಿ ಆದಿಪುರಾಣದಲ್ಲಿ ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕೆಟ್ಟದ್ದು ಎಲ್ಲಿ? ಆಟದಲ್ಲಲ್ಲ, ಸೋಲು ಒಪ್ಪದೆ ಭರತ ಚಕ್ರವನ್ನು ಬಿಟ್ಟನಲ್ಲ, ಅಲ್ಲಿ.

ಇದನ್ನು ಹೇಳಿದಾಗ ತಾತನವರು ಮೊಮ್ಮಗನನ್ನು ಕೇಳಿದರು: "ನಿಮ್ಮ ಆಟದಲ್ಲಿ ಪೆಟ್ಟು ಬಿತ್ತು ಅಂತ ತೀರ್ಮಾನ ಮಾಡೋರು ಯಾರು?"

"ಬಿದ್ದವನೇ ಹೇಳಬೇಕು ತಾತ. ಹೊರಗಿನವರು ಹೇಳೋದಲ್ಲ. ಆ ಸಂಘದ ನಿಯಮವೇ ಅದು."

"ಬಿದ್ದರೂ ಇಲ್ಲ ಅಂದುಬಿಟ್ಟರೆ?"

"ಅವನ ಜೊತೆ ಮತ್ತೆ ಆಡೋಕೆ ಯಾರಿಗೂ ಮನಸ್ಸು ಬರಲ್ಲ."

ತಾತನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಐವತ್ತು ವರ್ಷ ಗಲ್ಲೆಯಲ್ಲಿ ಕೂತವರು. ಕೊಡಬೇಕಾದ ಬಾಕಿಯನ್ನು ತಾನಾಗಿ ಒಪ್ಪಿಕೊಳ್ಳುವವನ ಜೊತೆಗೇ ವ್ಯಾಪಾರ ಉಳಿಯುತ್ತದೆ ಎಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಿರಲಿಲ್ಲ. ಕೊನೆಗೆ, "ಹಾಗಿದ್ದರೆ ಆಡು. ಕೋಪ ಬಂದ ದಿನ ಕೋಲು ಕೆಳಗಿಡಬೇಕು, ತಿಳೀತಾ?" ಎಂದರು. ಹುಡುಗ ತಲೆಯಾಡಿಸಿದ.

ಬೆತ್ತದ ಪೆಟ್ಟಿಗೆ ಡ್ರಮ್ಮಿನ ಪ್ಲಾಸ್ಟಿಕ್ ಅಡ್ಡ ಬರುತ್ತದೆ. ಸೋತಾಗ ಏಳುವ ಸಿಟ್ಟಿಗೆ ಅಂಥ ಕವಚವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಅದನ್ನು ಮನೆಯಲ್ಲೇ, ಹಿರಿಯರ ಎದುರಿಗೇ ಮಾಡಿಕೊಳ್ಳಬೇಕು. ಮುಂದಿನ ಬಾರಿ ಹೊಸೂರಿಗೆ ಹೋದಾಗ ಎರಡೂ ಹೇಗೆ ಬಂದಿವೆಯೆಂದು ನೋಡಿ ಬರುತ್ತೇವೆ.