ಮಂಗನ ಕಾಯಿಲೆ: 'ನೆಗೆಟಿವ್' ಎಂದ ಮಾತ್ರಕ್ಕೆ ಮುಗಿಯಿತೇ?

ಮಲೆನಾಡು, ಕರಾವಳಿಯ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಜ್ವರ ಬಂದರೆ ಜನ ಮೊದಲು ಕೇಳುವುದು ಒಂದೇ: ಹತ್ತಿರದಲ್ಲಿ ಮಂಗ ಸತ್ತಿದೆಯೇ? ನಾವು ಇದನ್ನು ಮೂಢನಂಬಿಕೆ ಎನ್ನಲಾರೆವು. ರೋಗನಿರ್ಣಯದಲ್ಲಿ ಈ ಪ್ರಶ್ನೆಗೆ ನಿಜಕ್ಕೂ ಬೆಲೆಯಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣುಗಿನ ಕಡಿತದಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. 1983ರಲ್ಲಿ ಬೆಳ್ತಂಗಡಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜನರ ಜೀವ ತೆಗೆದದ್ದನ್ನು ಅಲ್ಲಿನ ಹಿರಿಯರು ಮರೆತಿರಲಾರರು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಇದೇ ಸಂಕಟ ಕಂಡಿತು.

ತೊಡಕು ಇರುವುದು ಗುರುತಿಸುವುದರಲ್ಲಿ. ಏಕಾಏಕಿ ಜ್ವರ, ಹಣೆಯ ಭಾಗದ ತಲೆನೋವು, ತೀವ್ರ ಮೈಕೈ ನೋವು, ಕೆಂಪು ಕಣ್ಣು, ವಾಂತಿ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಕೆ. ಡೆಂಗಿಗೂ ಇಲಿಜ್ವರಕ್ಕೂ ಬಹುತೇಕ ಇವೇ ಲಕ್ಷಣ. ರಕ್ತಸ್ರಾವದ ಜ್ವರವೆಂಬ ಹೆಸರಿದ್ದರೂ ಮೂಗು, ಒಸಡಿನಿಂದ ರಕ್ತ ಎಲ್ಲರಿಗೂ ಬರುವುದಿಲ್ಲ. ರಕ್ತ ಕಾಣಲಿಲ್ಲವೆಂದು ಸುಮ್ಮನಿರುವುದು ಅಪಾಯ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಮರಳುತ್ತದೆ; ಆಗ ಕುತ್ತಿಗೆ ಬಿಗಿತ, ನಡುಕ, ಗೊಂದಲ. ರೋಗ ತಗಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ.

ಹೀಗಾಗಿ ಕಾಡಿಗೆ ಹೋಗಿಬಂದವರಿಗೆ ಇಂಥ ಜ್ವರ ಬಂದರೆ ಅದು 'ಶಂಕಿತ'. ಪ್ರಯೋಗಾಲಯ ಹೇಳಿದರೆ 'ದೃಢ'. ಇವೆರಡರ ನಡುವೆ ನಿಂತಿರುವುದು ತಾರೀಕು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಇರುವುದರಿಂದ ಆರ್‌ಟಿ-ಪಿಸಿಆರ್ ಪರೀಕ್ಷೆ ಹಿಡಿಯುತ್ತದೆ. ಐದನೇ ದಿನದ ಹೊತ್ತಿಗೆ ಐಜಿಎಂ ಪ್ರತಿಕಾಯ ಕಾಣಿಸತೊಡಗುತ್ತದೆ. ಎರಡನೇ ದಿನ ಐಜಿಎಂ ಮಾತ್ರ ನೋಡಿದರೆ, ಅಥವಾ ಮೂರನೇ ವಾರದಲ್ಲಿ ಪಿಸಿಆರ್ ಮಾತ್ರ ಮಾಡಿದರೆ, ರೋಗವಿದ್ದೂ 'ನೆಗೆಟಿವ್' ಬರಬಹುದು. ಕೂಲಿ ತಪ್ಪೀತೆಂದು ವಾರಗಟ್ಟಲೆ ಜ್ವರ ನುಂಗಿಕೊಳ್ಳುವ ಬಡವರೇ ಇಂಥ ವರದಿಗೆ ಸಿಕ್ಕಿಬೀಳುವವರು. ಅವರ ಹೆಸರು ಶಂಕಿತರ ಪಟ್ಟಿಯಿಂದ ಜಾರಿಬಿಟ್ಟರೆ, ಆ ಊರಿನಲ್ಲಿ ಸೋಂಕಿದೆಯೆಂಬ ಸುದ್ದಿಯೂ ಜಾರಿತೆಂದೇ ಲೆಕ್ಕ.

ಜ್ವರ ಆರಂಭವಾದ ದಿನವನ್ನು ಮಾದರಿಯ ಚೀಟಿಯಲ್ಲಿ ಸರಿಯಾಗಿ ಬರೆಯುವುದು ಗುಮಾಸ್ತಿಕೆಯ ಕೆಲಸವಲ್ಲ, ಅದೂ ಚಿಕಿತ್ಸೆಯ ಭಾಗವೇ ಎಂಬುದು ನಮ್ಮ ಅಭಿಪ್ರಾಯ. ಸಂಶಯ ಉಳಿದರೆ ಮತ್ತೊಮ್ಮೆ ರಕ್ತ ತೆಗೆಯಲೇಬೇಕು.

ದಶಕಗಳ ಕಾಲ ಕೊಟ್ಟ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. ವೈರಸ್ಸನ್ನೇ ಕೊಲ್ಲುವ ಖಚಿತ ಔಷಧ ಇಲ್ಲ. ನೀರಿನಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು ಇಷ್ಟೇ ದಾರಿ. ವರದಿ ಬರುವ ಮೊದಲೇ ಇದು ಶುರುವಾಗಬೇಕು. ತರಗೆಲೆಗೋ ಸೌದೆಗೋ ಕಾಡಿಗೆ ಹೋಗಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ.