ಹವಳದ ತೊಟ್ಟಿ ಎಷ್ಟು ದೊಡ್ಡದಿರಬೇಕು?

ಗಾಜಿನ ತೊಟ್ಟಿಯಲ್ಲಿ ಬಂಗಾರದ ಮೀನುಗಳನ್ನು ಸಾಕಿ ರೂಢಿಯಾದವರಿಗೆ ಕೆಲಕಾಲದಲ್ಲಿ ಸಮುದ್ರದ ಮೇಲೆ ಕಣ್ಣು ಬೀಳುವುದು ಸಹಜ. ಕಡಲತಳದ ಹವಳದ ದಿಬ್ಬವೊಂದನ್ನು, ಅದರ ಬಣ್ಣಬಣ್ಣದ ಮೀನುಗಳೊಡನೆ, ನಡುಮನೆಯಲ್ಲಿ ಇರಿಸಿಕೊಳ್ಳುವ ಆಸೆ ಯಾರಿಗೆ ತಾನೆ ಹುಟ್ಟದು? ಅಂಗಡಿಗೆ ಹೋದರೆ ದೊರೆಯುವ ಮೊದಲ ಸಲಹೆ, "ಸ್ವಾಮಿ, ಒಂದು ಅಡಿಯ ತೊಟ್ಟಿಯಲ್ಲಿ ಮೊದಲು ಕಲಿಯಿರಿ, ಕೈ ಪಳಗಿದ ಮೇಲೆ ದೊಡ್ಡದನ್ನು ಕೊಳ್ಳುವಿರಂತೆ" ಎಂಬುದು. ಸಂಗೀತಕ್ಕೂ ಈಜಿಗೂ ಈ ಮಾತು ಒಪ್ಪೀತು. ಉಪ್ಪುನೀರಿನ ತೊಟ್ಟಿಗೆ ಮಾತ್ರ ಇದು ತಲೆಕೆಳಗಾದ ಉಪದೇಶವೆಂದು ನಮ್ಮ ಅಭಿಪ್ರಾಯ. ಚಿಕ್ಕ ತೊಟ್ಟಿ ನುರಿತವರಿಗೆ ತಕ್ಕದ್ದು. ಹೊಸಬರಿಗೆ ಬೇಕಾದುದು ದೊಡ್ಡದು.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ; ಶಾಲೆಯ ಲೆಕ್ಕವೇ ಸಾಕು. ಉದ್ದ, ಅಗಲ, ಎತ್ತರಗಳು ತಲಾ 30 ಸೆಂಟಿಮೀಟರ್ ಇರುವ ತೊಟ್ಟಿಯು 27 ಲೀಟರ್ ನೀರನ್ನು ಹಿಡಿಯುತ್ತದೆ. ಮೂರನ್ನೂ ಇಮ್ಮಡಿಸಿದರೆ 216 ಲೀಟರ್, ಅಂದರೆ ಎಂಟು ಪಟ್ಟು. ಗಾಳಿಗೆ ತೆರೆದ ಮೇಲ್ಮೈಯಾದರೋ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಆವಿಯಾಗಿ ಹೋಗುವುದು ಬರಿಯ ನೀರು. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವುಂಟಷ್ಟೆ. ಚಿಕ್ಕ ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರ್ ಆರುವುದೆಂದು ಇಟ್ಟುಕೊಳ್ಳೋಣ. ಮನೆಮಂದಿಯೆಲ್ಲ ಮೂರು ದಿನದ ಮದುವೆ ಮುಗಿಸಿ ಬರುವಷ್ಟರಲ್ಲಿ ಆ 35 ಎಂಬುದು 37ನ್ನು ಮುಟ್ಟಿರುತ್ತದೆ. ದೊಡ್ಡ ತೊಟ್ಟಿಯಿಂದ ಅದೇ ಅವಧಿಯಲ್ಲಿ 6 ಲೀಟರ್ ಆರಿದರೂ 36ನ್ನು ದಾಟುವುದಿಲ್ಲ. ಊರಿನಿಂದ ಬಂದವರು ಗಾಬರಿಗೊಂಡು ಒಮ್ಮೆಗೇ ಸಿಹಿನೀರು ಸುರಿದರೆ ಪ್ರಾಣಿಗಳಿಗೆ ಅದು ಎರಡನೆಯ ಪೆಟ್ಟು. ಆರಿದ ನೀರಿಗೆ ಬದಲಾಗಿ ಉಪ್ಪುನೀರನ್ನೇ ತುಂಬಿ, ಮೀನು ಸತ್ತುದೇಕೆಂದು ಕೇಳುವವರನ್ನೂ ನಾವು ಕಂಡಿದ್ದೇವೆ.

ಬಿಸಿಯ ವಿಷಯವೂ ಹೀಗೆಯೇ. ಸ್ವಲ್ಪ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ ಅದಕ್ಕೆ ಆಹಾರವೊದಗಿಸುತ್ತವೆ. ತನ್ನ ನೆಲೆಯ ಬೇಸಗೆಯ ಶಾಖಕ್ಕಿಂತ ಒಂದೆರಡು ಡಿಗ್ರಿ ಮೇಲೇರಿ ಕೆಲವು ವಾರ ನಿಂತರೆ ಹವಳವು ಈ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಇನ್ನು ಕಲ್ಲಿನ ಸಂದಿಯಲ್ಲಿ ಕಾಣದಂತೆ ಸತ್ತ ಒಂದು ಮೀನು ಸಾಕು. ಅದು ಕೊಳೆತು ಬರುವ ಅಮೋನಿಯ 216 ಲೀಟರಿನಲ್ಲಿ ತೆಳುವಾಗಿ ಹರಡುತ್ತದೆ, 27 ಲೀಟರಿನಲ್ಲಿ ವಿಷವಾಗುತ್ತದೆ.

1846ರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕಿಯ ಕಡಲತೀರದಿಂದ ಕೆಲವು ಕಲ್ಲುಹವಳಗಳನ್ನು ಲಂಡನ್ನಿಗೆ ಒಯ್ದು ಸಾಕಿದಳು. ಅವು ಬದುಕಿದ್ದು ಹೇಗೆ? ಮನೆಯ ಸೇವಕಿ ತೆರೆದ ಕಿಟಕಿಯ ಬಳಿ ನಿಂತು, ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ದು ಗಾಳಿಯಾಡಿಸುತ್ತಿದ್ದಳು. ಪಂಪುಗಳು ಬಂದಿರುವ ಇಂದಿಗೂ ಈ ಮಾತು ಪೂರ್ಣವಾಗಿ ಹಳತಾಗಿಲ್ಲ. ನೀರು ಕಡಿಮೆಯಾದಷ್ಟೂ ಕಡಲಿನ ಕೆಲಸವನ್ನು ಯಾರಾದರೊಬ್ಬರು ಕೈಯಾರೆ ಮಾಡಬೇಕು.

ನಮ್ಮ ದೇಶದ ವಾಚಕರಿಗೆ ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳನ್ನೆಲ್ಲ ಸೇರಿಸಲಾಯಿತು. ಹುಲಿಗಿರುವ ರಕ್ಷಣೆಯೇ ಅವಕ್ಕೂ ಉಂಟು. ಕಡಲಿನಿಂದ ಮುರಿದು ತಂದ ಹವಳವನ್ನೂ, ಹವಳದ ದಿಬ್ಬದಿಂದ ಕಿತ್ತ ಜೀವಂತ ಕಲ್ಲನ್ನೂ "ಯಾರೂ ಕೇಳುವುದಿಲ್ಲ, ತೆಗೆದುಕೊಳ್ಳಿ" ಎಂದು ಮಾರುವವರಿಂದ ದೂರವಿರತಕ್ಕದ್ದು. ಹಾಗಾದರೆ ನಮ್ಮ ಮನೆಗಳಿಗೆ ಉಳಿಯುವುದೇನು? ಕೃತಕ ಕಲ್ಲಿನ ದಿಬ್ಬ, ಅದರಲ್ಲಿ ನೆಲೆಗೊಳಿಸಿದ ಬ್ಯಾಕ್ಟೀರಿಯ, ಮರಿಮಾಡಿಸಿ ಬೆಳೆಸಿದ ಒಂದು ಜೊತೆ ಕ್ಲೌನ್ ಮೀನು. ಈ ಮೀನನ್ನು ಮರಿಮಾಡಿಸುವ ವಿಧಾನವನ್ನು ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮಲ್ಲೇ ರೂಢಿಸಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ಅದು ಹತ್ತು ವರ್ಷ ಮೀರಿ ಬದುಕಬಲ್ಲದು. ಚಲನಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾದ ಬ್ಲೂ ಟ್ಯಾಂಗ್ ಸುಮಾರು 30 ಸೆಂಟಿಮೀಟರ್ ಬೆಳೆಯುವ, ಸದಾ ಈಜುತ್ತಿರುವ ಮೀನು. ನಾವು ಹೇಳುವ ದೊಡ್ಡ ತೊಟ್ಟಿಯೂ ಅದಕ್ಕೆ ಸೆರೆಮನೆ.

ಈ ಲೆಕ್ಕದಲ್ಲಿ ಹೊಸಬರು 200 ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಯನ್ನು ಆರಿಸಿಕೊಳ್ಳುವುದು ಲೇಸು. ಆಕಾರವೂ ಮುಖ್ಯ. ಎತ್ತರದ ತೊಟ್ಟಿ ನೋಟಕ್ಕೆ ಚೆಂದ, ಆದರೆ ಬೆಳಕು ತಳಕ್ಕಿಳಿಯದು, ಶುಚಿಮಾಡಲು ಕೈಯೂ ಎಟುಕದು. ಉದ್ದ 90, ಅಗಲ 60, ಎತ್ತರ 45 ಸೆಂಟಿಮೀಟರ್ ಎಂದರೆ 243 ಲೀಟರ್. ಗಾಳಿ ನೀರುಗಳ ಸಂಪರ್ಕಕ್ಕೂ ಇದೇ ಅನುಕೂಲ. ಇದರ ನೀರೊಂದೇ ಸುಮಾರು 250 ಕಿಲೋಗ್ರಾಂ ತೂಗುತ್ತದೆ. ವಾಸದ ಮನೆಯ ಮಾಳಿಗೆಯನ್ನು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರಕ್ಕೆ ಲೆಕ್ಕಹಾಕಿ ಕಟ್ಟುವುದು ವಾಡಿಕೆ. ತೊಟ್ಟಿಯ ಕೆಳಗೆ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಆದ್ದರಿಂದ ನೆಲಮಹಡಿ ಉತ್ತಮ. ಮಹಡಿಯಲ್ಲಾದರೆ ತೊಲೆಗಳು ಹಾದಿರುವ ಗೋಡೆಯ ಪಕ್ಕವೇ ಆಗಬೇಕು, ಅದೂ ಎಂಜಿನಿಯರನ್ನು ಕೇಳಿಕೊಂಡು. ಕೆಳಗಡೆ ಇನ್ನೊಂದು ತೊಟ್ಟಿಯನ್ನಿಟ್ಟು ಪಂಪು, ನೊರೆ ತೆಗೆಯುವ ಯಂತ್ರಗಳನ್ನು ಅದರಲ್ಲಿರಿಸಿದರೆ ನೀರೂ ಹೆಚ್ಚಿದಂತಾಯಿತು. ವಿದ್ಯುತ್ತು ನಿಂತಾಗ ಮೇಲಿನಿಂದ ಇಳಿದುಬರುವ ನೀರಿಗೆ ಅದರಲ್ಲಿ ಎಡೆಯಿರಲಿ. ಇಲ್ಲವಾದರೆ ನಡುಮನೆಯೇ ಸಮುದ್ರ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದು ಜೊತೆಗಿರಲೇಬೇಕು. ನೀರಿನ ಮೇಲೆ ಬೀಸಣಿಗೆ ತಿರುಗಿಸಿ ತಂಪುಮಾಡುವ ಉಪಾಯ ಬಳ್ಳಾರಿಯ ಒಣಹವೆಯಲ್ಲಿ ಸಾಗೀತು, ಮಂಗಳೂರಿನ ತೇವದಲ್ಲಿ ಅಷ್ಟಾಗಿ ಸಾಗದು. ಅಲ್ಲಿ ಶೀತಕಯಂತ್ರದ ಖರ್ಚನ್ನು ಮೊದಲೇ ಎಣಿಸಿಕೊಳ್ಳಬೇಕು.

ನೀರು ತುಂಬಿದೊಡನೆ ಮೀನು ಬಿಡುವಂತಿಲ್ಲ. ಅಮೋನಿಯವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಬರಿದಾದ ತೊಟ್ಟಿಯನ್ನು ಅಷ್ಟು ದಿನ ನೋಡುತ್ತ ಕೂರುವುದು ಮಕ್ಕಳಿಗಿಂತ ಹಿರಿಯರಿಗೇ ಕಷ್ಟವೆಂದು ನಮ್ಮ ಅನುಭವ.

ಇಷ್ಟಕ್ಕೆ ಸ್ಥಳವಾಗಲಿ ಹಣವಾಗಲಿ ಇಲ್ಲದವರು 27 ಲೀಟರಿನ ಉಪ್ಪುನೀರಿಗೆ ಕೈಯಿಕ್ಕುವುದಕ್ಕಿಂತ ಸಿಹಿನೀರಿನ ಮೀನುಗಳಲ್ಲೇ ತೃಪ್ತಿಪಡುವುದು ಮೇಲು. ಹವಳವನ್ನು ಕಾಣುವ ಆಸೆ ತೀರದಿದ್ದರೆ, ಮಳೆಗಾಲ ಕಳೆದ ಮೇಲೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬಲ್ಲವರೊಡನೆ ನೀರಿಗಿಳಿದು ನೋಡಿ ಬರಬಹುದು.