ಅಳೆಯದೆ ಉಜ್ಜಿದ ಎರಡು ಮಿಲಿಮೀಟರ್

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಕಾಕಾ ತಮ್ಮ ಚೈನ್ ಸಾ ಮುಂದಿಟ್ಟು, ‘ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಇದರ ಜೋರು ಸ್ವಲ್ಪ ಹೆಚ್ಚ ಮಾಡಿಕೊಡಪಾ’ ಅಂದರು. ನಮ್ಮೂರು ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ಹೊಲದ ಬದು, ಹಳ್ಳದ ಅಂಚು ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದನ್ನು ಕಡಿದುಕೊಡುವುದೇ ಕಾಕಾನ ಬೇಸಿಗೆಯ ದುಡಿಮೆ.

ಮೊಬೈಲ್‌ನಲ್ಲಿ ಎರಡು ವಿಡಿಯೊ ನೋಡಿದೆ. ಎಕ್ಸಾಸ್ಟ್ ಪೋರ್ಟ್‌ನ ಮೇಲಂಚನ್ನು ಎತ್ತರಿಸಿದರೆ ಪವರ್ ಹೆಚ್ಚುತ್ತದೆ ಎಂದಿತ್ತು. ಸಿಲಿಂಡರ್ ಬಿಚ್ಚಿ ಕಣ್ಣಳತೆಯಲ್ಲೇ ಗ್ರೈಂಡರ್ ಹಿಡಿದೆ. ಮರುದಿನ ಮಷಿನ್ ಖಾಲಿ ಓಡುವಾಗ ಕಿವಿ ಹರಿಯುವಂತೆ ಕೂಗಿತು. ಕಾಕಾ ಖುಷಿಯಾದರು. ಜಾಲಿಯ ಬೊಡ್ಡೆಗೆ ಇಟ್ಟ ಕೂಡಲೇ ಉಸಿರುಗಟ್ಟಿ ನಿಂತಿತು. ಹೊಸ ಸಿಲಿಂಡರ್ ಬರುವವರೆಗೆ ಎಂಟು ದಿನದ ದುಡಿಮೆ ಹೋಯಿತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾಚಿಕೆಯ ವಿಷಯವೆಂದರೆ, ಪೋರ್ಟ್ ಟೈಮಿಂಗ್ ಡಯಾಗ್ರಾಮ್ ಬರೆದು ಲ್ಯಾಬ್‌ನಲ್ಲಿ ಪೂರ್ತಿ ಅಂಕ ಪಡೆದವನು ನಾನು. ಫ್ಲೈವೀಲ್ ಮೇಲೆ ಚಾಕ್‌ಪೀಸಿನ ಗುರುತು, ದಾರದಿಂದ ಅಳತೆ, 360ರಿಂದ ಗುಣಿಸಿ ಸುತ್ತಳತೆಯಿಂದ ಭಾಗಿಸುವುದು. ಆದರೆ ಇಡೀ ಬ್ಯಾಚ್‌ನ ರೆಕಾರ್ಡ್‌ನಲ್ಲಿ ಇದ್ದದ್ದು ಒಂದೇ ಉತ್ತರ, ಸೀನಿಯರ್‌ಗಳ ಉತ್ತರ.

ಟೂ ಸ್ಟ್ರೋಕ್‌ನಲ್ಲಿ ಕ್ಯಾಮ್ ಇಲ್ಲ. ಪಿಸ್ಟನ್ನೇ ಓಡಾಡುತ್ತ ಸಿಲಿಂಡರ್ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಹೊಸ ಸಿಲಿಂಡರ್ ಕೂರಿಸಿದ ಮೇಲೆ ಹಳೆಯ ಸಿಡಿಗೆ ಡಿಗ್ರಿ ಚಕ್ರದ ಪ್ರಿಂಟ್ ಅಂಟಿಸಿ ಕ್ರ್ಯಾಂಕ್ ತುದಿಗೆ ಬಿಗಿದೆ, ತಂತಿಯೊಂದನ್ನು ಮುಳ್ಳಾಗಿ ಬಾಗಿಸಿದೆ. ಪಿಸ್ಟನ್ ತುತ್ತತುದಿಗೆ ಬಂದದ್ದು ಕಣ್ಣಿಗೆ ತಿಳಿಯುವುದಿಲ್ಲ, ಅಲ್ಲಿ ಕೆಲವು ಡಿಗ್ರಿ ಅದು ಅಲುಗುವುದೇ ಕಡಿಮೆ. ಹಾಗಾಗಿ ಪ್ಲಗ್ ತೂತಿನಿಂದ ಒಂದು ತಡೆ ಇಳಿಸಿ, ಎರಡೂ ಕಡೆ ತಿರುಗಿಸಿ, ಎರಡು ರೀಡಿಂಗ್‌ಗಳ ನಡುವಿನ ಬಿಂದುವನ್ನು ಸೊನ್ನೆ ಎಂದಿಟ್ಟೆ. ತಡೆ ತೆಗೆದು, ಟಾರ್ಚ್ ಹಿಡಿದು ನೋಡಿದರೆ ಎಕ್ಸಾಸ್ಟ್ ತೆರೆದದ್ದು 103 ಡಿಗ್ರಿಗೆ, ಟ್ರಾನ್ಸ್‌ಫರ್ 122ಕ್ಕೆ. ನಾನು ಉಜ್ಜಿದ್ದ ಸಿಲಿಂಡರನ್ನೂ ಕೂರಿಸಿ ಅಳೆದೆ: ಎಕ್ಸಾಸ್ಟ್ 96.

ವ್ಯತ್ಯಾಸ ಎರಡೇ ಮಿಲಿಮೀಟರ್. ಆದರೆ ಕಿಂಡಿ ಏಳು ಡಿಗ್ರಿ ಮೊದಲೇ ತೆರೆದು ಏಳು ಡಿಗ್ರಿ ತಡವಾಗಿ ಮುಚ್ಚುತ್ತಿತ್ತು, 154 ಡಿಗ್ರಿ ಇದ್ದದ್ದು 168 ಆಗಿತ್ತು. ತಡವಾಗಿ ಮುಚ್ಚಿದಷ್ಟೂ ಒತ್ತಲು ಉಳಿಯುವ ಗಾಳಿ ಕಡಿಮೆ. ರೇಸ್ ಬೈಕಿಗೆ ಸರಿ, ಬೊಡ್ಡೆ ಕೊಯ್ಯಲು ಬೇಕಿರುವುದು ಕೆಳ ವೇಗದ ಎಳೆತ. ಇನ್ನೊಂದು ತಮಾಷೆ ಕೇಳಿ: ಮಷಿನ್ ಮೊದಲು ಸೊರಗಿದ್ದಕ್ಕೆ ಕಾರಣ ಸೈಲೆನ್ಸರ್‌ನಲ್ಲಿ ಕಟ್ಟಿದ್ದ ಕಾರ್ಬನ್. ಟೈಮಿಂಗ್ ತಪ್ಪಿರಲೇ ಇಲ್ಲ.

ಟೂ ಸ್ಟ್ರೋಕ್ ಕಾಲ ಮುಗಿಯಿತು, ಯಾಕೆ ಕಲಿಯಬೇಕು ಎಂದು ಗೆಳೆಯರು ಕೇಳುತ್ತಾರೆ. ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ನಿಜ. ಆದರೆ ನಮ್ಮ ಹೊಲಗಳ ಔಷಧ ಹೊಡೆಯುವ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಮಷಿನ್, ಚೈನ್ ಸಾ ಬಹುಪಾಲು ಅದೇ ಎಂಜಿನ್ನಿನವು. ಅಷ್ಟಕ್ಕೂ ನನ್ನ ದೂರು ಎಂಜಿನ್ ಹಳೆಯದೆಂದಲ್ಲ. ಲ್ಯಾಬ್‌ನಲ್ಲಿ ನಮ್ಮ ರೀಡಿಂಗ್ ಪುಸ್ತಕದ್ದಕ್ಕಿಂತ ಬೇರೆ ಬಂದರೆ ಅಂಕ ಹೋಗುತ್ತದೆ ಎಂಬ ಭಯ ಇರುವವರೆಗೆ ಯಾರೂ ನಿಜವಾಗಿ ಅಳೆಯುವುದಿಲ್ಲ. ಗುಜರಿಯಿಂದ ನಾಲ್ಕು ಬಗೆಯ ಎಂಜಿನ್ ತಂದು, ಬ್ಯಾಚಿಗೊಂದು ಕೊಡಲಿ. ಉತ್ತರ ಬೇರೆ ಬೇರೆ ಬರಲಿ, ಯಾಕೆ ಬಂತು ಎಂದು ವೈವಾದಲ್ಲಿ ಕೇಳಲಿ.

ಕೆಟ್ಟ ಸಿಲಿಂಡರ್ ಈಗ ನನ್ನ ಹಾಸ್ಟೆಲ್ ಮೇಜಿನ ಮೇಲಿದೆ. ಲ್ಯಾಬಿಗೆ ಬೇಕೆಂದರೆ ಸುಮ್ಮನೆ ಕೊಡುತ್ತೇನೆ, 96 ಎಂದು ಬರೆದ ಚೀಟಿಯನ್ನು ಮಾತ್ರ ಕಿತ್ತುಕೊಂಡು.